ಗೋಡೆಯಿಂದ ಒಂದು ಗೇಣು

ಯಜಮಾನನ ಕುರ್ಚಿಯಲ್ಲಿ ಕೂತು ತಲೆ ಎತ್ತಿದಾಗ ಡೆಕೊರೇಟರ್‌ಗೆ ತಾನು ತಿಂಗಳುಗಟ್ಟಲೆ ಸಿಂಗರಿಸಿದ ಹಜಾರ ಕಾಣಲಿಲ್ಲ. ಅವನ ಹೆಂಡತಿ ಕಂಡಳು. ಹೆಂಡತಿ ಇದ್ದದ್ದು ಗೋಡೆಯಾಚೆ, ಅಡುಗೆಮನೆಯಲ್ಲಿ. ಅತ್ತ ಮುಖ ಮಾಡಿ ಲೋಟ ಒರೆಸುತ್ತಿದ್ದಳು. ಕಿಟಕಿಯ ಎದುರಿನ ದೊಡ್ಡ ಕನ್ನಡಿ ತೆರೆದ ಬಾಗಿಲಿನಿಂದ ಅವಳ ಬೆನ್ನನ್ನು ಹಿಡಿದು ತಂದು ಈ ಕುರ್ಚಿಗೆ ಒಪ್ಪಿಸುತ್ತಿತ್ತು.

ಕೆಲಸ ಮುಗಿದ ಮನೆಯನ್ನು ಬಿಟ್ಟುಕೊಡುವ ಮೊದಲು ಒಂದೊಂದು ಆಸನದಲ್ಲೂ ತಾನೇ ಕೂತು ನೋಡುವುದು ಡೆಕೊರೇಟರ್‌ಳ ಪದ್ಧತಿ. ಸೋಫಾ ಆಗಿತ್ತು, ಓದುವ ಬೆಂಚು ಆಗಿತ್ತು. ಎಲ್ಲಿಂದ ನೋಡಿದರೂ ಹಜಾರ ಹದವಾಗಿತ್ತು. ಅತ್ತ ಇತ್ತ ಜೋಡಿ ದೀಪ, ಬೆಣ್ಣೆಬಣ್ಣದ ಗೋಡೆ, ಕಾಲಿಟ್ಟರೆ ಹತ್ತಿಯಂತೆ ಕುಸಿಯುವ ಕಾರ್ಪೆಟ್. ಯಜಮಾನ ಕಾರು ಸರಿಸಿ ನಿಲ್ಲಿಸಲು ಕೆಳಗೆ ಹೋಗಿದ್ದ. ಬಾಕಿ ಇದ್ದದ್ದು ಅವನ ಎತ್ತರದ ಬೆನ್ನಿನ ಈ ಕುರ್ಚಿ ಮಾತ್ರ.

ಅವಳು ಮೆಲ್ಲನೆ ಎಡಕ್ಕೆ ಕತ್ತು ತಿರುಗಿಸಿದಳು. ಎರಡನೆಯ ಕನ್ನಡಿಯಲ್ಲಿ ಮಲಗುವ ಕೋಣೆಯ ಬಾಗಿಲು. ಬಲಕ್ಕೆ ತಿರುಗಿದರೆ ಮೂರನೆಯದರಲ್ಲಿ, ಕಂಬದ ಆಚೆಗಿನ ಊಟದ ಮೂಲೆ. ಅಲ್ಲಿ ಹೆಂಡತಿಗೆಂದು ಇಟ್ಟ ಪುಟ್ಟ ಕುರ್ಚಿ. ಕನ್ನಡಿಗಳ ಜಾಗ ಗೊತ್ತುಮಾಡಿದವನು ಯಜಮಾನನೇ. "ಇನ್ನೊಂದು ಬೆರಳು ಈ ಕಡೆ... ಹಾಂ, ನಿಲ್ಸಿ," ಎಂದು ಇದೇ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಟ್ಟಿದ್ದ. ಕನ್ನಡಿ ಬೆಳಕನ್ನು ದುಪ್ಪಟ್ಟು ಮಾಡುತ್ತದೆ, ಅದನ್ನು ಅರಿತ ಗಿರಾಕಿ ಸಿಕ್ಕಿದನಲ್ಲ ಎಂದು ಇವಳು ಬಾಯಿ ತುಂಬ ಹೊಗಳಿದ್ದಳು: "ಸರ್, ನಿಮಗೆ ಒಳ್ಳೆ ಕಣ್ಣಿದೆ!"

ಹೆಂಡತಿ ಕೇಳಿದ್ದು ಎರಡೇ ಎರಡು. ತನ್ನ ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ ಎಂದಿದ್ದಳು. "ಅಯ್ಯೋ ಮೇಡಂ, ಗೋಡೆಗೆ ಅಂಟಿಸೋ ಕುರ್ಚಿ ಆಸ್ಪತ್ರೆಗೆ ಸರಿ. ಮನೇಲಿ ಒಂದು ಗೇಣಾದ್ರೂ ಬಿಡ್ಬೇಕು, ಅದೂ ಉಸಿರಾಡ್ಲಿ," ಎಂದು ಇವಳು ಎಳೆದು ಮುಂದಕ್ಕಿಟ್ಟಿದ್ದಳು. ಎರಡನೆಯದು ಇನ್ನೂ ವಿಚಿತ್ರ. "ಅವರ ಕುರ್ಚಿ... ಎದ್ರೆ ಕಿರ್ ಅನ್ನೋ ಥರದ್ದು ಸಿಗುತ್ತಾ?" ಇವಳಿಗೆ ನಗು ತಡೆಯಲಾಗಿರಲಿಲ್ಲ. "ಅಂಥದ್ದು ಮಾಡಿಸಿದ್ರೆ ನನ್ನ ಬಡಗಿ ಸನ್ಯಾಸ ತಗೋತಾನೆ, ಅಷ್ಟೆ!"

ಡೆಕೊರೇಟರ್ ದಡಬಡಿಸಿ ಎದ್ದಳು. ನೇರ ಊಟದ ಮೂಲೆಗೆ ಹೋಗಿ ಪುಟ್ಟ ಕುರ್ಚಿಯನ್ನು ಕಂಬದ ಮರೆಗೆ, ಗೋಡೆಯ ಕಡೆಗೆ ತಳ್ಳತೊಡಗಿದಳು. ಸದ್ದು ಕೇಳಿ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು.

"ಅವರ ಕುರ್ಚೀಲಿ ಕೂತ್ರಾ?"

"ಕೂತೆ. ತಪ್ಪಾಯ್ತು ಮೇಡಂ. ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಹೊಡೆಯಲ್ಲ, ಬೈಯಲ್ಲ. ನೋಡ್ತಾರೆ ಅಂತ ಹೇಳ್ಲಾ? ಹೆಂಡ್ತೀನ ನೋಡ್ದೆ ಇನ್ಯಾರನ್ನ ನೋಡ್ಬೇಕಿತ್ತಮ್ಮಾ ಅಂತಾರೆ ಜನ." ಅವಳು ಸೆರಗಿನ ತುದಿಗೆ ಕೈ ಒರೆಸಿಕೊಂಡಳು. "ಬಿಡಿ, ಮೊದಲಿದ್ದ ಹಾಗೇ ಇಟ್ಬಿಡಿ. ಅವರಿಗೆ ತಕ್ಷಣ ಗೊತ್ತಾಗುತ್ತೆ."

ಆದರೂ ಅವಳ ಕಣ್ಣು ಕುರ್ಚಿಯನ್ನು ಬಿಟ್ಟಿರಲಿಲ್ಲ. ಹೊರಗೆ ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಡೆಕೊರೇಟರ್ ಮೊಣಕಾಲು ಕೊಟ್ಟು ಕೊನೆಯದೊಂದು ಸಲ ತಳ್ಳಿದಳು. ಕುರ್ಚಿ ಗೋಡೆಗೆ ತಾಗಿತು.

ಒಳಗೆ ಬಂದ ಯಜಮಾನ ಬೀಗದ ಕೈ ಕೆಳಗಿಡುವ ಮೊದಲೇ ಊಟದ ಮೂಲೆಗೆ ಇಣುಕಿದ. "ಇದ್ಯಾಕೆ ಗೋಡೆಗೆ ಹೋಯ್ತು? ಒಂದು ಗೇಣು ಬಿಡ್ಬೇಕು ಅಂತ ನೀವೇ ಪಾಠ ಮಾಡಿದ್ರಲ್ಲಾ."

"ಅದು ಹಜಾರಕ್ಕೆ ಸರ್." ಅವಳು ಪರದೆಯ ಅಂಚನ್ನು ಸರಿಮಾಡಿದಳು. "ಒಂದೇ ನೋಟಕ್ಕೆ ಮನೆಯೆಲ್ಲ ಮುಗಿದುಹೋಗ್ಬಾರ್ದು. ಒಂದು ಮೂಲೆ ಆದ್ರೂ ಮರೇಲಿರ್ಬೇಕು. ಹಳೇ ಕಾಲದ ದೊಡ್ಡ ಮನೆಗಳ ಗುಟ್ಟೇ ಅದು."

"ಓಹೋ, ಗುಟ್ಟು!" ಅವನು ನಕ್ಕ. "ನೋಡೇಬಿಡೋಣ. ಹೋಗೇ, ಕೂತ್ಕೋ. ನಾನು ನನ್ನ ಜಾಗಕ್ಕೆ ಹೋಗ್ತೀನಿ."

ಅವನು ಕಂಬ ದಾಟಿ ಮರೆಯಾದ. ಹೆಂಡತಿ ಹೊಸಬರ ಮನೆಗೆ ಬಂದವಳಂತೆ ಅಂಚಿನಲ್ಲಿ ಕೂತಳು. ಆಮೇಲೆ ಇಷ್ಟಿಷ್ಟೇ ಹಿಂದಕ್ಕೆ ಸರಿದಳು. ಗೋಡೆಯ ಆಸರೆ ಸಿಕ್ಕ ಗಳಿಗೆಯಲ್ಲಿ ಅವಳ ಹೆಗಲೆರಡೂ ಕೆಳಗಿಳಿದವು. ಅವು ಅಷ್ಟು ದಿನ ಮೇಲೆ ಹೋಗಿ ನಿಂತಿದ್ದವೆಂದು ಡೆಕೊರೇಟರ್‌ಗೆ ಆಗಲೇ ತಿಳಿದದ್ದು. ಅವಳ ಪಕ್ಕದಿಂದ ನೋಡಿದರೆ ಎದುರಿನ ಕನ್ನಡಿಯಲ್ಲಿ ಅವನ ಕುರ್ಚಿ ಕಾಣಲಿಲ್ಲ. ಅಂದರೆ ಅವನಿಗೂ ಹೆಂಡತಿ ಕಾಣುತ್ತಿಲ್ಲ.

"ಎಲ್ಲಿದ್ದೀಯಾ?"

ದನಿ ಬಂದದ್ದು ಹತ್ತಿರದಿಂದಲೇ, ಕಂಬದ ಆಚೆಯಿಂದ. ಇಲ್ಲೇ ಅಂತ ಹೇಳಿಬಿಡಿ ಎಂದು ಡೆಕೊರೇಟರ್ ಕಣ್ಣಲ್ಲೇ ಬೇಡಿಕೊಂಡಳು. ಹೆಂಡತಿ ಕಣ್ಣು ಮುಚ್ಚಿಕೊಂಡು, ಕಣ್ಣಾಮುಚ್ಚಾಲೆ ಆಡುವ ಹುಡುಗಿಯ ಹಾಗೆ ತುಟಿಯ ಮೇಲೆ ಬೆರಳಿಟ್ಟಳು.

"ಏ... ಎಲ್ಲಿದ್ದೀಯಾ ಅಂದೆ." ಈ ಸಲ ದನಿಯಲ್ಲಿ ನಗುವಿರಲಿಲ್ಲ.

ಆಮೇಲೆ ಏನೂ ಕೇಳಿಸಲಿಲ್ಲ. ಡೆಕೊರೇಟರ್ ಕಿವಿಗೊಟ್ಟಳು. ಅವನು ಇನ್ನೂ ಕೂತಿದ್ದಾನೋ, ಎದ್ದು ಈ ಕಡೆಗೇ ಬರುತ್ತಿದ್ದಾನೋ ಹೇಳುವಂತಿರಲಿಲ್ಲ. ಕುರ್ಚಿ ಅಷ್ಟು ಚೆನ್ನಾಗಿತ್ತು; ಕಾರ್ಪೆಟ್ ಅಷ್ಟು ಮೆತ್ತಗಿತ್ತು.