ಇಬ್ಬರ ಟಿಕೆಟ್ಟು

"ನಂಗೆ ಯಾವ ದುಡ್ಡೂ ಬೇಡ. ದಯವಿಟ್ಟು ಹೊರಡಿ," ಎಂದ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ಗಂಡಸು.

ವಿಮಾ ಕಂಪನಿಯ ತನಿಖೆಗಾರನಿಗೆ ಮೈಯೆಲ್ಲ ಉರಿಯಿತು. ನಾಲ್ಕು ಮಹಡಿ ಹತ್ತಿ ಬಂದ ಏದುಸಿರೇ ಇನ್ನೂ ಇಳಿದಿಲ್ಲ, ಆಗಲೇ ಈ ವರಸೆ. "ಬೇಡದ ದುಡ್ಡಿಗೆ ಅರ್ಜಿ ಹಾಕಿದ್ದು ಯಾರಂತೆ?" ಎಂದ.

"ನಾನು," ಎಂದಳು ಗೋಡೆಗೊರಗಿ ನಿಂತಿದ್ದ ಹೆಂಡತಿ. "ಅವರ ಮಾತು ಬಿಡಿ. ನೋವಿನ ಮಾತ್ರೆ ತಲೆಗೇರಿದೆ."

ಕೇಸೇನೋ ಸರಳ. ಇಬ್ಬರಿಗೆ ಹಡಗು ಪ್ರವಾಸ, ಬಾಲ್ಕನಿ ಇರುವ ಕೋಣೆ. ಹೊರಡಬೇಕಿದ್ದದ್ದು ಇವತ್ತು, ನಿನ್ನೆ ಯಜಮಾನನ ಕಾಲು ಮುರಿದಿದೆ. ಅಷ್ಟು ತಡವಾಗಿ ರದ್ದು ಮಾಡಿದರೆ ಹಡಗಿನವರು ಇಡೀ ಟಿಕೆಟ್ಟಿನ ದುಡ್ಡನ್ನೇ ಕ್ಯಾನ್ಸಲೇಶನ್ ಚಾರ್ಜು ಎಂದು ನುಂಗಿ ನೀರು ಕುಡಿಯುತ್ತಾರೆ. ವಿಮೆ ಇದ್ದರೆ ಮಾತ್ರ ವಾಪಸು. ಅದೂ ಕಾಯಿಲೆಗೆ, ಅಪಘಾತಕ್ಕೆ. ಬೇಕೆಂದೇ ಮಾಡಿದ ಗಾಯಕ್ಕಾಗಲಿ, ಮನಸ್ಸು ಬದಲಾಯಿತೆಂದಾಗಲಿ ಕವಡೆ ಕಾಸೂ ಇಲ್ಲ. ಹಾಗಾಗಿ ಮನಸ್ಸು ಬದಲಾದವರೆಲ್ಲ ಕಾಲು ಮುರಿದುಕೊಳ್ಳುತ್ತಾರೆ, ಬರೀ ಬಾಯಿಮಾತಿನಲ್ಲಿ.

ಹೋದ ತಿಂಗಳು ಒಬ್ಬ ಅಜ್ಜಿಯ ಎದೆನೋವನ್ನು ನಂಬಿ ಅವನು ಸಹಿ ಹಾಕಿದ್ದ. ಅದೇ ಅಜ್ಜಿ ಅದೇ ವಾರ ಯಾರದೋ ಪಾರ್ಟಿಯಲ್ಲಿ ಕುಣಿದ ವಿಡಿಯೋ ಆಫೀಸಿನವರೆಲ್ಲರ ಫೋನಿಗೆ ಬಂತು. "ಇನ್ನೊಂದ್ಸಲ ಟೋಪಿ ಹಾಕಿಸ್ಕೊಂಡ್ರೆ ಮನೇಲೇ ಇರಿ," ಎಂದು ಮ್ಯಾನೇಜರು ಎಲ್ಲರೆದುರಿಗೆ ಹೇಳಿದ್ದರು. ನಿವೃತ್ತಿಗೆ ಇನ್ನೇನು ಸ್ವಲ್ಪ ದಿನ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೊಂದು ಕೊಡುವವರು ಯಾರೂ ಇರಲಿಲ್ಲ.

"ಹೇಗೆ ಬಿದ್ರಿ?"

ಗಂಡ ಹೆಂಡತಿಯ ಮುಖ ನೋಡಿದ. ಪಾಠ ಮರೆತ ಹುಡುಗನ ಹಾಗೆ.

"ಅಟ್ಟದಿಂದ ಸೂಟ್‌ಕೇಸ್ ಇಳಿಸ್ತಿದ್ರು," ಎಂದಳು ಅವಳು. "ಸ್ಟೂಲ್ ಅಲ್ಲಾಡ್ತು."

"ನೀವೆಲ್ಲಿದ್ರಿ, ಅಮ್ಮ?"

"ಅಲ್ಲೇ. ಸ್ಟೂಲ್ ಹಿಡ್ಕೊಂಡಿದ್ದೆ."

ಗಂಡ ಕಣ್ಣು ಮುಚ್ಚಿಕೊಂಡ. ಮೂಲೆಯಲ್ಲಿ ಸೂಟ್‌ಕೇಸು ಬಿದ್ದಿತ್ತು, ಒಂದೇ ಒಂದು. ಬಾಯಿ ತೆರೆದಿದ್ದ ಅದರೊಳಗೆ ಬರೀ ಗಂಡಸಿನ ಅಂಗಿಗಳು. ಹೆಂಗಸಿನ ಒಂದು ಕರವಸ್ತ್ರವೂ ಇಲ್ಲ. ಇವರಿಗೆ ಹೊರಡುವ ಮನಸ್ಸೇ ಇರಲಿಲ್ಲ ಎಂದು ತನಿಖೆಗಾರ ಒಳಗೊಳಗೇ ಹಲ್ಲು ಕಡಿದ.

"ತುಂಬಾ ದಿನದ ಆಸೆಯೇನೋ, ಹಡಗು?"

"ಅವರದ್ದು. ನಂಗೊಂದು ಮಾತೂ ಹೇಳ್ದೆ ಬುಕ್ ಮಾಡಿದ್ರು. ಮೊನ್ನೆ ಬ್ಯಾಂಕಿಗೆ ಹೋದಾಗ ಗೊತ್ತಾಯ್ತು. ನಮ್ದು ಜಂಟಿ ಖಾತೆ."

"ಓಹೋ, ಸರ್‌ಪ್ರೈಸು."

"ಹೌದು," ಎಂದಳು ಅವಳು. "ಸರ್‌ಪ್ರೈಸೇ ಆಯ್ತು."

ಅವಳ ಕೈಯಲ್ಲಿ ಎರಡು ಫೋನುಗಳಿದ್ದವು. ಅವುಗಳಲ್ಲೊಂದು ಗುರ್ರೆಂದಿತು. ಅವಳು ನೋಡಿ ಕಟ್ ಮಾಡಿದಳು. ಗಂಡ ಕೈ ಚಾಚಿದ, ಅವಳು ಕೊಡಲಿಲ್ಲ. ಪ್ರವಾಸ ತಪ್ಪಿದ ಸಿಟ್ಟು ಇರಬೇಕು, ಅದನ್ನಾದರೂ ಚೆನ್ನಾಗಿ ಅಭಿನಯಿಸುತ್ತಾಳೆ.

"ಯಾವ ಆಸ್ಪತ್ರೇಲಿ ಪ್ಲಾಸ್ಟರ್ ಕಟ್ಟಿಸಿದ್ರಿ?"

"ನಾನಿರೋ ಆಸ್ಪತ್ರೇಲೇ. ಪ್ಲಾಸ್ಟರ್ ರೂಮಲ್ಲಿ ನನ್ನ ಕೆಲಸ. ಕಟ್ಟಿದ್ದೂ ನಾನೇ."

ಸಿಕ್ಕಿಬಿದ್ದಳು! ತನಿಖೆಗಾರ ಕುರ್ಚಿಯಿಂದ ದಡಕ್ಕನೆ ಎದ್ದು ನಿಂತ. ಅರ್ಜಿಯ ಜೊತೆಗಿದ್ದ ಎಕ್ಸ್‌ರೇ ಯಾರದ್ದಾದರೂ ಆಗಬಹುದು. ಗಟ್ಟಿಮುಟ್ಟಾದ ಕಾಲಿಗೆ ಪ್ಲಾಸ್ಟರ್ ಸುತ್ತುವುದು ಈಕೆಗೆ ಎಷ್ಟು ಹೊತ್ತಿನ ಕೆಲಸ?

"ನನ್ನ ಕಿವಿಗೇ ಹೂವಿಡ್ತೀರಾ? ಕತ್ತರಿಸಿ ಅದನ್ನ! ಈಗಲೇ, ನನ್ನ ಕಣ್ಣೆದುರಿಗೆ!"

"ಬೇಡ! ಸಾರ್, ಅವಳ ಕೈಗೆ ಮತ್ತೆ ಕಾಲು ಕೊಡಬೇಡಿ! ನಾನು ಕ್ಲೈಮೇ ವಾಪಸ್ ತಗೋತೀನಿ!" ಗಂಡ ಗೋಡೆಯ ಕಡೆಗೆ ಸರಿದ.

ಇನ್ನು ಸಾಕ್ಷಿ ಬೇಕೇ? "ಕತ್ತರಿಸಿ," ಎಂದು ತನಿಖೆಗಾರ ಗುಡುಗಿದ.

ಅವಳು ಚೀಲದಿಂದ ದಪ್ಪ ಕತ್ತರಿ ತೆಗೆದಳು. ಅವಸರ ಮಾಡಲಿಲ್ಲ. ಒಂದೊಂದು ಸಲ ಕತ್ತರಿಸಿದಾಗಲೂ ಗಂಡ ಕಿರುಚಿದ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ದಿನಾ ಇದನ್ನೇ ನೋಡುವವರಿಗೆ ಮನಸ್ಸು ಕಲ್ಲಾಗಿರುತ್ತದೆ ಎಂದುಕೊಂಡ ತನಿಖೆಗಾರ.

ಪ್ಲಾಸ್ಟರ್ ಬಿಚ್ಚಿಕೊಂಡಿತು. ಒಳಗೆ ಕಾಲು ನೇರಳೆ ಬಣ್ಣಕ್ಕೆ ತಿರುಗಿ ಬದನೆಕಾಯಿಯಂತೆ ಊದಿತ್ತು. ಮುರಿದ ಜಾಗ ಬರಿಗಣ್ಣಿಗೇ ಕಾಣುತ್ತಿತ್ತು. ಅವನ ಕೋಪವೆಲ್ಲ ಜರ್ರನೆ ಇಳಿದು ನಾಚಿಕೆಯಾಯಿತು.

"ತಪ್ಪಾಯ್ತು, ಅಮ್ಮ. ಈ ಕೆಲಸದಲ್ಲಿ ಯಾರನ್ನೂ ನಂಬೋದೇ ಮರ್ತುಹೋಗಿದೆ. ಇಬ್ಬರ ದುಡ್ಡೂ ಪೂರ್ತಿ ಬರುತ್ತೆ."

"ಇಬ್ಬರದ್ದೂ?" ಎಂದಳು ಅವಳು. ಮೊದಲ ಸಲ ಅವಳ ತುಟಿ ಸಡಿಲವಾಯಿತು. "ನಮ್ಮ ಖಾತೆಗೇ?"

"ನಿಮ್ಮ ಖಾತೆಗೇ. ಹುಷಾರಾಗಲಿ, ಇನ್ನೊಂದ್ಸಲ ಹೋಗುವಿರಂತೆ."

"ಇಲ್ಲ, ಅವರಿನ್ನು ಎಲ್ಲಿಗೂ ಹೋಗಲ್ಲ. ನಾನು ನೋಡ್ಕೋತೀನಿ."

ಬಾಗಿಲು ಮುಚ್ಚಿತು. ಮೆಟ್ಟಿಲ ಬಳಿಯಿಂದಲೇ ಅವನು ಮ್ಯಾನೇಜರಿಗೆ ಫೋನ್ ಮಾಡಿದ. "ಸಾಚಾ ಕೇಸು ಸಾರ್. ಕಣ್ಣಾರೆ ನೋಡಿದೀನಿ. ಪಾಸ್ ಮಾಡಿ."

"ಮಾಡಿದೆ. ಆದ್ರೆ ಇದು ನಿಮ್ಮ ತಲೆ ಮೇಲೆ, ನೆನಪಿರ್ಲಿ."

ಉಳಿದದ್ದು ಅವನದೇ ಒಂದು ಹಳೆಯ ಚಾಳಿ. ಹೊರಗೆ ಬಂದ ಮೇಲೆ, ಜೊತೆಗೆ ಹೊರಟಿದ್ದವರ ನಂಬರಿಗೆ ಒಮ್ಮೆ ಫೋನ್ ಮಾಡುವುದು. ಮುಚ್ಚಿದ ಬಾಗಿಲ ಹಿಂದೆ ಅದು ಮೊಳಗಿದ್ದನ್ನು ಕೇಳಿಸಿಕೊಂಡು ಇಳಿದುಹೋಗುವುದು. ಟಿಕೆಟ್ಟಿನಲ್ಲಿದ್ದ ಎರಡನೆಯ ಪ್ರಯಾಣಿಕರ ನಂಬರನ್ನು ಒತ್ತಿ, ಅವನು ಬಾಗಿಲಿಗೆ ಕಿವಿಗೊಟ್ಟ.

ರಿಂಗಾಯಿತು. ಒಳಗೆ ಯಾವ ಫೋನೂ ಮೊಳಗಲಿಲ್ಲ, ಗುರ್ರೆನ್ನಲೂ ಇಲ್ಲ. ಬರೀ ಗಂಡನ ನರಳಾಟ ಕೇಳುತ್ತಿತ್ತು.

"ಹಲೋ?" ಎಂದಿತು ದೂರದಲ್ಲೆಲ್ಲೋ ಒಂದು ಹೆಣ್ಣು ದನಿ.

"ವಿಮೆ ಕಂಪನಿಯಿಂದ, ಅಮ್ಮ. ನಿಮ್ಮಿಬ್ಬರ ಹಡಗಿನ ಟಿಕೆಟ್ ವಿಷಯ..."

"ಅಯ್ಯೋ, ಅವರೆಲ್ಲಿ? ಬಂದರಲ್ಲಿ ಕಾದೂ ಕಾದೂ ಸಾಕಾಯ್ತು, ಫೋನ್ ಮಾಡಿದ್ರೆ ಕಟ್ ಮಾಡ್ತಾರೆ." ದನಿ ತಟ್ಟನೆ ತಗ್ಗಿತು. "ಸಾರ್... ಅವರ ಹೆಂಡ್ತಿಗೇನೂ ಗೊತ್ತಾಗಿಲ್ಲ ತಾನೆ?"