ಬಾಗುವ ಹಲಗೆ

ಹೋದ ವರ್ಷ ಹಿಮದ ಬೆಟ್ಟದಿಂದ ಜಾರುವಾಗ ಕಾಲು ಮುರಿದುಕೊಂಡಿದ್ದ ಮಗಳು ಈಗ ಮನಾಲಿಯ ಅಂಗಡಿಯೊಂದರಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು, ಸ್ನೋಬೋರ್ಡ್‌ಗಳನ್ನು, ಬಗ್ಗಿಸಿ ಬಗ್ಗಿಸಿ ನೋಡುತ್ತಿದ್ದಳು. ಎಲ್ಲಕ್ಕಿಂತ ಸಲೀಸಾಗಿ ಬಾಗಿದ್ದನ್ನು ಎತ್ತಿಕೊಂಡಳೋ ಇಲ್ಲವೋ, ಅಪ್ಪ ಸಿಡಿದರು.

“ಅಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದೆಯಲ್ಲೇ!”

“ಬೆಟ್ಟ ಹತ್ತಲ್ಲ ಅಂತ ಆಣೆ ಮಾಡಿದ್ದು. ಹತ್ತಲ್ಲ. ಇದು ಸಮತಟ್ಟಾದ ಹಿಮದ ಮೇಲೆ, ಹಲಗೆ ತುದಿ ಬಗ್ಗಿಸಿ ಗಿರಗಿರ ತಿರುಗೋಕೆ.”

“ಆಣೆಗೆ ಬೆಲೆನೇ ಇಲ್ವಾ ಹಾಗಾದ್ರೆ?”

“ಇದೆ. ಅದಕ್ಕೇ ಬೆಟ್ಟಕ್ಕೆ ಬೇಕಾದ ಗಟ್ಟಿ ಹಲಗೆ ಬಿಟ್ಟು, ಬಾಗೋದನ್ನೇ ಎತ್ಕೊಂಡೆ.”

ಅಪ್ಪ ಪಕ್ಕದಲ್ಲಿದ್ದ ಅಮ್ಮನ ಕಡೆ ತಿರುಗಿದರು. “ನೋಡಿದ್ಯಾ? ನಿನ್ನ ಆಣೆಯಲ್ಲೇ ಸಂದು ಹುಡುಕಿದ್ದಾಳೆ ನಿನ್ನ ಮಗಳು!”

ಅಮ್ಮ ಹಲಗೆಯನ್ನು ಇಸಿದುಕೊಂಡು ತಾನೂ ಒಮ್ಮೆ ಬಗ್ಗಿಸಿ ನೋಡಿದಳು.

“ಹುಡುಕಲಿ ಅಂತಲೇ ರೀ, ನೀವು ಆಣೆ ಮಾಡಿಸು ಅಂದಾಗ ನಾನು ಬೆಟ್ಟ ಅಂತ ಮಾತ್ರ ಹೇಳಿಸಿದ್ದು.”