ಐದು ನಿಮಿಷ ತಡ

ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಪಾರ್ಸೆಲ್ ಕಟ್ಟಿ ಮುಗಿಸಿ, ಎದ್ದೂ ಬಿದ್ದೂ ಓಡಿ ಬಂದರೂ ಸುಕನ್ಯ ತರಗತಿ ಮುಟ್ಟುವಾಗ ಐದು ನಿಮಿಷ ತಡವಾಗಿತ್ತು. ಮೇಷ್ಟ್ರು ಬಾಗಿಲು ಮುಂದೆ ಮಾಡುತ್ತಿದ್ದರು.

"ಕೆಲಸ ಮುಗಿಸಿ ಬರೋದು ಸರ್. ಇವತ್ತೂ ಹಾಜರಿ ಹೋದ್ರೆ ಪರೀಕ್ಷೆಗೆ ಕೂರಿಸಲ್ವಂತೆ."

"ದುಡಿಯೋ ಅವಸರ ಇದ್ದೋರು ಕಾಲೇಜಿಗ್ಯಾಕೆ ಬರ್ಬೇಕಮ್ಮ? ನಿನ್ನ ಕಥೆ ಕೇಳೋಕೆ ನನಗೆ ಪುರುಸೊತ್ತಿಲ್ಲ."

ಮುಖದೆದುರೇ ಅಗುಳಿ ಬಿತ್ತು.

ಸಂಜೆ ಕೂಲಿಗೆಂದು ಕಲ್ಯಾಣಮಂಟಪಕ್ಕೆ ಬಂದಾಗಲೂ ಅವಳ ಸಿಟ್ಟು ಆರಿರಲಿಲ್ಲ. ಓದಿದವಳೆಂದು ಅಡುಗೆ ಕಂಟ್ರಾಕ್ಟರು ಬಡಿಸುವವರ ಹಾಜರಿ ಪುಸ್ತಕವನ್ನು ಅವಳಿಗೇ ಒಪ್ಪಿಸಿದ್ದರು. ತಡವಾಗಿ ಬಂದವರಿಗೆ ಅರ್ಧ ಕೂಲಿ ಎಂಬುದು ಅಲ್ಲಿಯ ಕಟ್ಟಳೆ. ಆರು ಗಂಟೆಗೆ ಅವಳು ಗೆರೆ ಎಳೆದು ಮುಗಿಸಿದ ಮೇಲೆ ಯಾರೋ ಹೊಸಬರು ಏದುಸಿರು ಬಿಡುತ್ತ ಮುಂದೆ ಬಂದು ನಿಂತರು.

"ಐದು ನಿಮಿಷ ತಡ," ಎಂದಳು, ಪುಸ್ತಕದಿಂದ ತಲೆ ಎತ್ತದೆ. "ಅರ್ಧ ಕೂಲಿನೇ. ಕಥೆ ಕೇಳೋಕೆ ನನಗೂ ಪುರುಸೊತ್ತಿಲ್ಲ. ಹೆಸರು ಹೇಳಿ."

ಗೆರೆಯ ಕೆಳಗೆ ಪೆನ್ನು ಊರಿದಳು. ಹೆಸರಿಗೆಂದು ತಲೆ ಎತ್ತಿದಳು.

"ಗೆಸ್ಟ್ ಲೆಕ್ಚರರ್‌ಗಳಿಗೆ ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ ಕಣಮ್ಮ," ಎಂದರು ಮೇಷ್ಟ್ರು.